ಎರಡೂ ಕಾಲಮ್ಮಿನ ಕಣ

ಸಿಂಧನೂರಿನ ಕಾಲೇಜಿನಲ್ಲಿ ಬಿಳಿ ರಕ್ತಕಣಗಳ ಪಾಠ ಮಾಡುವಾಗ ಬೋರ್ಡಿನ ಮೇಲೆ ನಾನು ಎರಡೇ ಕಾಲಂ ಹಾಕುತ್ತಿದ್ದೆ: ಹುಟ್ಟುಗುಣದಿಂದಲೇ ರೋಗಾಣುವಿನ ಮೇಲೆ ಎರಗುವವು, ಒಮ್ಮೆ ಕಂಡ ರೋಗಾಣುವನ್ನು ನೆನಪಿಡುವವು. ಈ ಸಲದ ಪರೀಕ್ಷೆಯಲ್ಲಿ ಹುಡುಗಿಯೊಬ್ಬಳು, ಎರಡೂ ಗುಣವಿರುವ, ಟಿ ಜಾತಿಯ ಕೆಲವು ಬಿಳಿ ಕಣಗಳೂ ನಮ್ಮ ಮೈಯಲ್ಲಿವೆ ಎಂದು ಬರೆದಿದ್ದಳು. ಕೆಂಪು ಗೆರೆ ಎಳೆದು ಅವಳನ್ನು ಕರೆದೆ.

"ಯಾರದು ನೋಡಿ ಬರದಿ?"

"ಯಾರ್ದೂ ನೋಡಿಲ್ರೀ ಮೇಡಂ, ಲೈಬ್ರರ್ಯಾಗ ಓದೀನ್ರಿ."

ಪುಸ್ತಕ ತಿರುವಿದರೆ ಅವಳ ಉತ್ತರ ಸರಿಯಿತ್ತು. ಆದರೂ ನನಗೆ ಆ ಕಣದ ಮೇಲೂ ಗುಮಾನಿ, ಹುಡುಗಿಯ ಮೇಲೂ ಗುಮಾನಿ.

ಭಾನುವಾರ ತಂಗಿಯೊಡನೆ ವಳಕಮದಿನ್ನಿಯ ನಮ್ಮ ಗದ್ದೆಗೆ ಹೋದೆ. ಭತ್ತ ಕೊಯ್ದ ಮೇಲೆ ಗುರುಗುಂಟಾದ ಕುರಿಗಾರ ಪ್ರತಿವರ್ಷ ಅಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತರುಬಿ ನಿಲ್ಲಿಸುತ್ತಾನೆ. ಅವನ ನಾಯಿ, ಹಿಂದೆಂದೂ ಕಾಣದ ತಂಗಿಗೆ ಎರಡು ಸಲ ಬೊಗಳಿ ಸುಮ್ಮನಾಯಿತು. ನನ್ನನ್ನು ಮಾತ್ರ ಬಿಡಲಿಲ್ಲ.

"ಹೊಸಬರಿಗೆ ಬೊಗಳೋದು ಅದರ ಹುಟ್ಟುಗುಣ್ರೀ ಅಕ್ಕಾರ," ಎಂದು ಕುರಿಗಾರ ನನ್ನನ್ನೇ ದಿಟ್ಟಿಸಿದ. "ಹಿಂಗ ಬೆನ್ನು ಹತ್ಯದ ಅಂದ್ರ, ಹ್ವಾದ ವರ್ಷ ನೀವು ಏನರ ಮಾಡಿರಬೇಕು, ಅದನ್ನ ನೆನಪಿಟ್ಟದ."

ಕಲ್ಲೆಸೆದಿದ್ದೆ. ಯಾರೂ ನೋಡಿಲ್ಲವೆಂದುಕೊಂಡಿದ್ದೆ.

ಸೋಮವಾರ ಆ ಹುಡುಗಿಗೆ ಪೂರ್ತಿ ಅಂಕ ಕೊಟ್ಟೆ. ಅವಳು ಅಂಕ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಕೆಂಪು ಪೆನ್ನನ್ನೇ ನೋಡುತ್ತಿದ್ದಳು.