ಅಳಿಯನ ಲ್ಯಾಪ್‌ಟಾಪಿಗೆ ಬಂದ ಜ್ವರ

ನಿಮ್ಮ ತಾತನ ಬೆರಳ ತುದಿಗಳು ಕಲ್ಲಿನ ಹಾಗಿದ್ದವು. ಹನೂರಿನಲ್ಲಿ ರೇಡಿಯೊ, ಟೀವಿ ರಿಪೇರಿ ಮಾಡುತ್ತಾ ಬೆಸುಗೆ ಕಡ್ಡಿಗೆ ಸುಟ್ಟು ಸುಟ್ಟು, ಸಣ್ಣ ಬಿಸಿ ಅವುಗಳಿಗೆ ತಿಳಿಯುತ್ತಲೇ ಇರಲಿಲ್ಲ. ಬೋರ್ಡಿನಲ್ಲಿ ಯಾವುದು ಬಿಸಿಯಾಗಿದೆ ಎಂದು ನೋಡಲು ಹೆಂಡತಿಯಾದ ನನ್ನನ್ನೇ ಕರೆಯಬೇಕು. ಅಂಗಡಿಯ ಹಿಂದೆಯೇ ಮನೆ. ಆದರೆ ಗಿರಾಕಿ ಇದ್ದರೆ ನಾನು ನಡುವಿನ ಪರದೆ ದಾಟುತ್ತಿರಲಿಲ್ಲ. ಗಿರಾಕಿ ಎದ್ದು ಹೋದ ಮೇಲೆ ಬಂದು, ಮುಟ್ಟಿ ಹೇಳಿ, ಒಳಗೆ ಓಡುತ್ತಿದ್ದೆ.

ಒಂದು ಸಲ ಆಯುಧಪೂಜೆಯ ಮಾರನೆಯ ದಿನ ಹೂಗ್ಯಂ ಕಡೆಯ ಹೆಂಗಸೊಬ್ಬರು ಟವೆಲಿನಲ್ಲಿ ಏನನ್ನೋ ಕೂಸಿನಂತೆ ಸುತ್ತಿಕೊಂಡು ಬಂದರು. ಬಿಚ್ಚಿದರೆ ಲ್ಯಾಪ್‌ಟಾಪು. ಹೊಸ ಅಳಿಯನದಂತೆ, ಆಫೀಸಿನವರು ಕೊಟ್ಟಿದ್ದು.

"ಏನ್ ಮಾಡುದ್ರಿ ಅಕ್ಕಾ ಇದ್ಕೆ?" ಎಂದರು ತಾತ.

"ಏನೂ ಇಲ್ಲ ಕಣಪ್ಪಾ. ನಿನ್ನೆ ನೇಗ್ಲು, ಕುಡ್ಲು ಮಡಗಿದ್ನಲ್ಲ, ಅಳಿಯಂದ್ರು ಇದ್ನೂ ತಂದು ಮಡಗುದ್ರು. ಕುಂಕುಮ ಇಟ್ಟೆ. ಅವ್ರು ಅತ್ಲಾಗ್ ಓದ್ರು, ನಾನು ಕಾಯಿ ಒಡ್ದು ನೀರು ಚಿಮುಕುಸ್ದೆ. ಇವತ್ತು ಗುಂಡಿ ಒತ್ತುದ್ರೆ ಬೆಳ್ಕೇ ಬರ್ನಿಲ್ಲ. ಈಗ ಮಗ್ಳೂ ಅಳಿಯಂದ್ರೂ ದೇವ್ರ ಬೆಟ್ಟಕ್ಕೋಗವ್ರೆ, ಸಂಜೆ ಬಸ್ಸಿಗೆ ಬತ್ತಾರೆ. ಮದ್ವೆ ಆದ್ಮೇಲೆ ಮೊದ್ಲ ಹಬ್ಬ. ಅತ್ತೆ ಕೆಡುಸುದ್ಲು ಅನ್ನುಸ್ಕೊಂಡು ಎಂಗಪ್ಪಾ ಅನ್ನ ಬಡುಸ್ಲಿ?"

ತಾತ ಬಿಚ್ಚಿ ಮೀಟರ್ ಇಟ್ಟರು. ಅಡಾಪ್ಟರಿನ ಕರೆಂಟು ದೊಡ್ಡ ಕಾಲುವೆಯಂತೆ ಒಳಗೆ ಬಂದು, ಐದು ವೋಲ್ಟು, ಮೂರು ವೋಲ್ಟು ಎಂದು ತೂಬುಗಳಲ್ಲಿ ಹಂಚಿಹೋಗುತ್ತದೆ ಎಂದು ನನಗೆ ಹಿಂದೆಯೇ ಹೇಳಿಕೊಟ್ಟಿದ್ದರು. ಕಾಲುವೆ ಸರಿಯಿತ್ತು. ಮೂರು ವೋಲ್ಟಿನ ದಾರಿಯಲ್ಲಿ ಮಾತ್ರ ಮೀಟರ್ ಕುಂಯ್ ಎಂದಿತು. ಅಂದರೆ ಏನೋ ಒಂದು ಕೆಟ್ಟು, ಕರೆಂಟೆಲ್ಲ ಅಲ್ಲೇ ಸೋರುತ್ತಿದೆ. ಆ ದಾರಿಯುದ್ದಕ್ಕೂ ಎಳ್ಳುಕಾಳಿನಂಥ ಕೆಪಾಸಿಟರುಗಳು. ಕೆಟ್ಟದ್ದು ಯಾವುದು?

ಕೆಟ್ಟದ್ದೊಂದೇ ಬಿಸಿಯಾಗಲೆಂದು ಹೊರಗಿನಿಂದ ಒಂದೇ ಒಂದು ವೋಲ್ಟು ಕೊಟ್ಟು, "ಬಾ ಇಲ್ಲಿ" ಎಂದು ಕೂಗಿದರು.

ಗಿರಾಕಿ ಎದ್ದಿರಲಿಲ್ಲ. ಪರದೆ ಹಿಡಿದು ನಿಂತೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಕಂಡಿತು. ಹೋದೆ. ನಿಮ್ಮ ಹಣೆ ಮುಟ್ಟಿ ನೋಡುತ್ತೇನಲ್ಲ, ಹಾಗೆಯೇ ಒಂದೊಂದನ್ನೂ ಮುಟ್ಟುತ್ತಾ ಬಂದೆ. ಮೂಲೆಯಲ್ಲೊಂದು ಚುರ್ ಎಂದಿತು.

"ಇದು ಸುಡ್ತದೆ."

"ಅಯ್ ಶಿವ್ನೆ, ಇದ್ಕೂ ಜ್ವರ ಬತ್ತದಾ?" ಎಂದರು ಆಕೆ.

"ನಿಮ್ಮ ಕಾಯ್ನೀರು ಕುಡ್ದು ಬಂದದೆ ಕಣಕ್ಕಾ!" ಎಂದರು ತಾತ.

ತಾತ ಅದನ್ನು ಕಿತ್ತರು. ಮೀಟರ್ ಸುಮ್ಮನಾಯಿತು. ಪಕ್ಕದಲ್ಲಿ ಅಂಥವೇ ಇನ್ನಷ್ಟಿದ್ದವು, ಒಂದಿಲ್ಲದಿದ್ದರೂ ನಡೆಯುತ್ತದೆ ಎಂದರು. ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಒಳಗೂ ಹೊರಗೂ ತಿಕ್ಕಿ ಜೋಡಿಸಿ ಗುಂಡಿ ಒತ್ತಿದರೆ, ಲ್ಯಾಪ್‌ಟಾಪಿನ ಪರದೆಯಲ್ಲಿ ಬೆಳಕು! ಆಕೆ ಕೈಮುಗಿದರು. ಮರುಗಳಿಗೆಯಲ್ಲೇ ಬಾಯಿ ಬಡಿದುಕೊಂಡರು.

"ಕುಂಕುಮ ಎಲ್ಲಪ್ಪಾ? ಅಳಿಯಂದ್ರ ಕಣ್ಮುಂದೆ ಇಟ್ಟಿದ್ದು! ಹಬ್ಬದ್ ಕುಂಕುಮ ಯಾರ್ ಒರ್ಸುದ್ರು ಅಂದ್ರೆ ಏನಂತ ಯೋಳ್ಲಿ?"

ತಾತನ ಬ್ರಷ್ ಕೆಂಪಾಗಿತ್ತು. ನಾನು ಒಳಗಿನಿಂದ ನನ್ನ ಕುಂಕುಮದ ಭರಣಿ ತಂದೆ.

"ಒಣುಗಿದ್ದೇ ಇಡು. ನೀರು ಮುಟ್ಟುಸ್ಬೇಡ," ಎಂದರು ತಾತ, ಹೆದರಿ.

"ಎಲ್ಲಿತ್ತಕ್ಕಾ?" ಎಂದೆ. ಪರವೂರಿನ ಗಿರಾಕಿಯ ಜೊತೆ ನಾನಾಡಿದ ಮೊದಲ ಮಾತು ಅದೇ. ಆಕೆ ತೋರಿಸಿದ ಕಡೆ, ಮುಚ್ಚಳದ ಮೇಲೆ ಒಣ ಕುಂಕುಮ ಒತ್ತಿದೆ. ಬೆರಳಿಗಂಟಿ ಉಳಿದದ್ದನ್ನು ಒರೆಸಿಕೊಳ್ಳಲು ಹೋದರೆ, ಆಕೆ ನನ್ನ ಕೈಹಿಡಿದು, ಅದೇ ಬೆರಳನ್ನು ನನ್ನ ಹಣೆಗೆ ಒತ್ತಿಸಿದರು. ಆಮೇಲೆ ಟವೆಲು ಸುತ್ತಿಕೊಂಡು ಬಸ್ಸಿಗೆ ಓಡಿದರು.

ತಾತ ನನ್ನ ಹಣೆಯನ್ನೇ ನೋಡಿ ನಕ್ಕು, "ನಿನ್ನೆ ಮೀಟ್ರಿಗೆ ಆಗಿತ್ತು, ಈಗ ನಿಂಗೂ ಪೂಜೆ ಆಯ್ತು ಕಣೇ" ಎಂದರು.