ಸೆಲಿನ್ ಆಂಟಿಯ ಕ್ಯಾಸೆಟ್ಟಿನಲ್ಲಿ ಅಮ್ಮನ ಕುಕ್ಕರ್

ಪಕ್ಕದ ಮನೆಯ ಸೆಲಿನ್ ಆಂಟಿಗೆ ಪ್ರಾಣವಾಗಿದ್ದ ಕ್ರಿಸ್ಮಸ್ ಹಾಡನ್ನು ನಾನು ಕ್ಲೀನ್ ಮಾಡಿಕೊಟ್ಟೆ. ಅದೇ ತಪ್ಪಾಯಿತು ನೋಡಿ.

ಚೆಂಬೂರಿನ ಈ ಬಿಲ್ಡಿಂಗಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ನಾವು ಮೈಸೂರಿನವರು, ಅವರು ಮಂಗಳೂರು ಕಡೆಯವರು.

ಲೋಕವೆಲ್ಲ ಹಾಡುವ ಹಾಡನ್ನೇ ಅವರ ಗಂಡ ಲಿಯೋ ಅಂಕಲ್ ಗಿಟಾರ್ ಹಿಡಿದು ಕೊಂಕಣಿಯಲ್ಲಿ ಹಾಡಿ, ಮನೆಯಲ್ಲೇ ಟೇಪ್ ಮಾಡಿದ್ದರು. ಅಂಕಲ್ ಈಗಿಲ್ಲ. ಡಿಸೆಂಬರ್ ಬಂತೆಂದರೆ ಆ ಕ್ಯಾಸೆಟ್ ಗೋಡೆಯಾಚೆ ಶುರುವಾಗುತ್ತಿತ್ತು.

ಎರಡನೇ ಚರಣದ ಮಧ್ಯೆ ಒಂದು ಕುಕ್ಕರ್ ಕೂಗುತ್ತದೆ. ಅದು ನಮ್ಮಮ್ಮನ ಕುಕ್ಕರ್. ಅವತ್ತು ಬೇಳೆಗೆ ಇಟ್ಟಿದ್ದಳಂತೆ.

ಅದೊಂದು ಕೂಗಿಗೆ ಅಮ್ಮ ಇಪ್ಪತ್ತೈದು ವರ್ಷದಿಂದ ನಾಚಿಕೊಂಡಿದ್ದಾಳೆ. ಹಾಡು ಆ ಜಾಗಕ್ಕೆ ಬಂದರೆ ಸಾಕು, ಕೇಳಿಸದಿರಲಿ ಅಂತ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದಳು. "ಎಷ್ಟು ಚೆನ್ನಾಗಿ ಹಾಡ್ತಿದ್ರು ಪಾಪ, ನಾನೇ ಹಾಳುಮಾಡ್ದೆ ಕಣೆ."

ನನಗೋ ಕೆಟ್ಟಿದ್ದನ್ನೆಲ್ಲ ಸರಿಮಾಡುವ ಚಟ. ಹೋದ ವರ್ಷ ಆಂಟಿಯಿಂದ ಕ್ಯಾಸೆಟ್ ಇಸ್ಕೊಂಡು ಹಾಡನ್ನು ಫೋನಿಗೆ ಇಳಿಸಿದೆ, ಆ್ಯಪ್‌ಗೆ ಹಾಕಿ ಕುಕ್ಕರ್ ಸದ್ದನ್ನು ತೆಗೆದೆ. ಸ್ಟೋರೇಜ್ ಫುಲ್ ಅಂದಿತು, ಮೊದಲಿನ ಫೈಲ್ ಡಿಲೀಟ್ ಮಾಡಿದೆ.

ಕ್ಯಾಸೆಟ್ಟೇ? ಹಾಡು ಇಳಿದು ಮುಗಿದದ್ದೇ ಟೇಪ್ ಸಿಕ್ಕಿಕೊಂಡು ಚೂರುಚೂರಾಗಿತ್ತು...

ಆದರೂ ಹೆಮ್ಮೆಯಿಂದಲೇ ಕೇಳಿಸಿದೆ. ಆಂಟಿ ಕಣ್ಣು ಮುಚ್ಚಿ ಕೂತರು. ಎರಡನೇ ಚರಣದಲ್ಲಿ ಅಂಕಲ್ ಹಾಡು ನಿಲ್ಲಿಸಿ ಗಹಗಹಿಸಿ ನಕ್ಕರು, ಮತ್ತೆ ಹಾಡಿದರು.

ಆಂಟಿ ಕಣ್ಣು ಬಿಟ್ಟರು. "ಕುಕ್ಕರ್ ಎಲ್ಲಿ ಮಾರಾಯ್ತಿ?"

ತೆಗೆದುಬಿಟ್ಟೆ ಆಂಟಿ, ಅಂದೆ.

"ಕುಕ್ಕರ್ ಕೂಗಿದ್ದಕ್ಕೆ ಅಲ್ವಾ ಅವರು ನಗಾಡಿದ್ದು? ಈಗ ಸುಮ್ಮನೆ ನಗಾಡ್ತಾರೆ, ಮಂಡೆ ಸಮ ಇಲ್ಲದವರ ಹಾಗೆ."

ನಾನು ಇಂಗು ತಿಂದ ಮಂಗನ ಹಾಗೆ ಕೂತಿದ್ದೆ.

ಪ್ರಾಯಶ್ಚಿತ್ತಕ್ಕೆ ಅದೇ ಹಾಡಿನ ಆರು ವರ್ಷನ್ ಹುಡುಕಿ ಕಳಿಸಿದೆ. ದೊಡ್ಡ ದೊಡ್ಡ ಗಾಯಕರು, ಆರ್ಕೆಸ್ಟ್ರಾ, ಕ್ವಾಯರ್. ಆಂಟಿ ಆರನ್ನೂ ಕೇಳಿದರು. "ಎಲ್ಲ ಚಂದ ಉಂಟು. ಒಬ್ಬರೂ ನಗುವುದಿಲ್ಲ."

ಆ ಡಿಸೆಂಬರ್ ಪೂರ್ತಿ ಗೋಡೆಯಾಚೆ ಹಾಡೇ ಇಲ್ಲ. ಆಂಟಿ ನನ್ನನ್ನು ಬೈಯಲೂ ಇಲ್ಲ, ಅದೇ ದೊಡ್ಡ ಸಂಕಟ.

ಅಮ್ಮನಿಗೆ ಹೇಳುವ ಧೈರ್ಯ ನನಗೆ ಬಂದದ್ದು ಮೊನ್ನೆ. ನಲ್ಲಿಯ ಸದ್ದಿನಲ್ಲಿ ಅಂಕಲ್ ನಗು ಅವಳಿಗೆ ಒಮ್ಮೆಯೂ ಕೇಳಿಸಿರಲೇ ಇಲ್ಲ.

"ಅಂದ್ರೆ ನಾನು ಹಾಳುಮಾಡಿರ್ಲಿಲ್ವಾ?"

ಆಮೇಲೆ ಎದ್ದು ಬೇಳೆ ತೊಳೆದಳು. ಕುಕ್ಕರ್ ಹೊತ್ತುಕೊಂಡು ನೇರ ಆಂಟಿಯ ಅಡುಗೆಮನೆಗೆ. "ನೀನು ಫೋನಲ್ಲಿ ಹಾಡು ಹಾಕೇ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಮೊದಲ ಸಲ ಕುಕ್ಕರ್ ಅಂಕಲ್ ಬಾಯಿ ತೆರೆಯುವ ಮೊದಲೇ ಕೂಗಿತು. ಎರಡನೇ ಸಲ ಹಾಡು ಮುಗಿದ ಮೇಲೆ.

ಮೂರನೇ ಸಲ. ಅಮ್ಮ ಸೌಟು ಹಿಡಿದು ಕುಕ್ಕರನ್ನೇ ದಿಟ್ಟಿಸುತ್ತಿದ್ದಾಳೆ. ಎರಡನೇ ಚರಣ ಬರುತ್ತದೆ... ಅಂಕಲ್ ನಗುತ್ತಾರೆ. ಕುಕ್ಕರ್ ಸುಮ್ಮನಿದೆ. ಅಮ್ಮನ ಮುಖ ಸಣ್ಣಗಾಗುತ್ತದೆ.

ಅಷ್ಟರಲ್ಲಿ ಕೂಗುತ್ತದೆ, ಒಂದೇ ಒಂದು ಕ್ಷಣ ತಡವಾಗಿ.

ಆಂಟಿ ನಕ್ಕೂ ನಕ್ಕೂ ನೈಟಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. "ನಿನ್ನ ಅಂಕಲ್ ಇಷ್ಟು ವರ್ಷ ಕೇಳಿದ್ದಾರಲ್ಲ, ಈಗ ಅವರಿಗೆ ಕುಕ್ಕರ್ ಕೂಗುವ ಮೊದಲೇ ಗೊತ್ತಾಗ್ತದೆ."

ನಿಮ್ಮ ಇಷ್ಟದ ಹಾಡಿನಲ್ಲಿ ಯಾರ ಮನೆಯ ಕುಕ್ಕರ್ ಕೂಗುತ್ತದೆ?