ಹುಳುಕಕ್ಕ
ಸಾಫ್ಟ್‌ವೇರ್ ಪರೀಕ್ಷಿಸುವ ನಮ್ಮ ಆರು ಜನರ ತಂಡ ಕಟ್ಟಿದವರು ಹುಳುಕಕ್ಕ. ಹುಳುಕು ಹುಡುಕುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಲಿಫ್ಟ್ ಹತ್ತಿದರೆ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿ ನೋಡುತ್ತಾರೆ. ಚಪ್ಪಲಿ ಕೊಳ್ಳುವಾಗ ಅಂಗಡಿಯಲ್ಲೇ ಹಿಂದಕ್ಕೂ ನಡೆದು, ಅಂಗಡಿಯವನ ತಾಳ್ಮೆಯನ್ನೂ ಪರೀಕ್ಷಿಸಿಬಿಡುತ್ತಾರೆ. ಹೊಸಬರಿಗೆ ಮೊದಲ ವಾರ ಕಂಪ್ಯೂಟರ್ ಮುಟ್ಟಗೊಡದೆ, ಒಂದು ಛತ್ರಿ ಕೊಟ್ಟು, "ಇದು ಯಾವಾಗೆಲ್ಲ ಕೈಕೊಡುತ್ತೆ? ನೂರು ಬರ್ಕೊಂಡು ಬಾ" ಅನ್ನುತ್ತಾರೆ. ನಾನು ಮೂವತ್ತೊಂದಕ್ಕೇ ಸುಸ್ತಾದಾಗ, "ಎಡಗೈಲಿ ಬಿಚ್ಚಿದ್ರೆ? ಕಂಕುಳಲ್ಲಿ ಮಗು ಇದ್ರೆ?" ಎನ್ನುತ್ತಾ ಪಕ್ಕದಲ್ಲೇ ಕೂತರು. ನೂರು ಮುಗಿಯುವಷ್ಟರಲ್ಲಿ ನನಗೆ ನೋಡುವ ಕಣ್ಣು ಬಂದಿತ್ತು. ಆದರೂ ಒಮ್ಮೆ ಎಡವಿದೆ: ಆಸ್ಪತ್ರೆಯೊಂದರ ಟೋಕನ್ ಯಂತ್ರದ ಸಾಫ್ಟ್‌ವೇರ್ ನೋಡಿ ನಾನು ಸರಿಯಿದೆ ಎಂದು ಬಿಟ್ಟೆ; ಯಂತ್ರ ಮರುದಿನವೇ ಕೆಟ್ಟು, ರೋಗಿಗಳು ಅರ್ಧ ದಿನ ಸಾಲಿನಲ್ಲಿ ನಿಂತರು. ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ. ಆದರೆ ಮೇಲಿನವರಿಗೆ ಹೋದ ವರದಿಯಲ್ಲಿ, ಪರೀಕ್ಷಿಸಿದವರ ಹೆಸರಿನ ಜಾಗದಲ್ಲಿ ಅಕ್ಕನ ಹೆಸರಿತ್ತು. ಕೇಳಿದರೆ, "ನಿನ್ನನ್ನ ಪರೀಕ್ಷೆ ಮಾಡಿ ಬಿಟ್ಟವಳು ನಾನೇ ಅಲ್ವಾ? ಹೋಗು, ಆ ಯಂತ್ರಕ್ಕೂ ನೂರು ಬರಿ" ಅಂದರು. ಈ ಎಂಟು ವರ್ಷದಲ್ಲಿ ಅವರ ಕೆಲಸದಲ್ಲಿ ನಾನು ಹಿಡಿದ ಒಂದೇ ಒಂದು ತಪ್ಪು, ವರದಿಯಲ್ಲಿದ್ದ ಆ ಹೆಸರು. ಅದನ್ನು ಇನ್ನೂ ಯಾರಿಗೂ ವರದಿ ಮಾಡಿಲ್ಲ.